ದೆವ್ವದ ವೇಷದಲ್ಲಿ ಹುಟ್ಟುಹಬ್ಬ: ಕೂಸು ಬೆಚ್ಚಿದರೆ ಕೇಕ್ ಯಾರಿಗೆ?

ಮೊಮ್ಮಗನ ಹುಟ್ಟುಹಬ್ಬದ ಫೋಟೋ ಮೊಬೈಲಿಗೆ ಬಂತು ಅಂತ ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದರೆ, ಕೇಕಿನ ಹಿಂದೆ ನಿಂತಿರುವುದು ಮೊಮ್ಮಗನಲ್ಲ, ಅಸ್ಥಿಪಂಜರ! ಪಕ್ಕದಲ್ಲಿ ಸೊಸೆ ಮಾಟಗಾತಿಯ ಚೂಪು ಟೋಪಿ ಹಾಕಿದ್ದಾಳೆ. ಮಗನ ಬಾಯಿಂದ ಕೆಂಪು ಬಣ್ಣ ಸೋರುತ್ತಿದೆ. ಗೋಡೆ ತುಂಬ ಜೇಡರ ಬಲೆ. “ಹುಟ್ಟಿದ ದಿನ ಇದೆಂಥ ಅನಿಷ್ಟ ಕಣೋ?” ಎಂದು ಅಜ್ಜಿ ಫೋನಿನಲ್ಲಿ ಕೇಳಿದರೆ, “ಅಮ್ಮಾ, ಇದು ಹ್ಯಾಲೊವೀನ್ ಥೀಮು. ಇಲ್ಲಿ ಎಲ್ಲರೂ ಮಾಡ್ತಾರೆ” ಎಂಬ ಉತ್ತರ.

ಅಮೆರಿಕದಲ್ಲಿ ಮಕ್ಕಳು ಮೊಮ್ಮಕ್ಕಳಿರುವ ಮನೆಗಳಲ್ಲಿ ಅಕ್ಟೋಬರ್ ಕೊನೆಯ ವಾರ ಇಂಥ ಮಾತುಕತೆ ನಡೆಯುವುದು ಹೊಸದೇನಲ್ಲ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ನ್ಯೂಜೆರ್ಸಿ ಅಂತ ಹೋಗಿ ನೆಲೆಸಿದವರ ಕೂಸುಗಳಿಗೆ ಅಕ್ಟೋಬರ್ 31 ಅಂದರೆ ಇಲ್ಲಿನ ಮಕ್ಕಳಿಗೆ ಗಣೇಶನ ಹಬ್ಬ ಇದ್ದ ಹಾಗೆ. ಹುಟ್ಟಿದ ದಿನವೂ ಅದರ ಆಸುಪಾಸಿಗೇ ಬಿದ್ದರೆ ಮುಗಿಯಿತು, ಎರಡನ್ನೂ ಸೇರಿಸಿ ಒಂದೇ ಖರ್ಚು! ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ, ಪ್ಲೇಸ್ಕೂಲುಗಳಲ್ಲಿ ಕೂಡ ಇದು ಶುರುವಾಗಿದೆ. ಶಾಲೆಯ ಛದ್ಮವೇಷ ಸ್ಪರ್ಧೆಗೆ ಡ್ರೆಸ್ಸು ಬಾಡಿಗೆ ಕೊಡುವ ಅಂಗಡಿಯವರಿಗೆ ಇದರ ವಾಸನೆ ಹತ್ತದೆ ಇರುತ್ತದೆಯೇ?

ಅನಿಷ್ಟವೋ ಅಲ್ಲವೋ, ಅದು ಆಮೇಲೆ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಮೂರು ವರ್ಷದ ಕೂಸಿಗೆ ಇದು ಹಬ್ಬವೋ, ರಾತ್ರಿ ಬೆಚ್ಚಿಬಿದ್ದು ಅಳುವ ಹಾಗೆ ಮಾಡುವ ಬೆದರಿಕೆಯೋ?

ಟರ್ನಿಪ್ ಹೋಗಿ ಕುಂಬಳ ಬಂತು

ಹಬ್ಬದ ಮೂಲ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕಡೆಯದು. ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಸಂಧಿಯ ರಾತ್ರಿ ಸತ್ತವರು ತಿರುಗಿ ಬರುತ್ತಾರೆ ಎಂಬುದು ಅಲ್ಲಿನ ಹಳೇ ನಂಬಿಕೆ. ಆಮೇಲೆ ಕ್ರೈಸ್ತರು ನವೆಂಬರ್ 1ನ್ನು ಸಕಲ ಸಂತರ ದಿನ ಮಾಡಿದರು. ಅದರ ಹಿಂದಿನ ಸಂಜೆಯೇ ಹ್ಯಾಲೊವೀನ್. ಊರಿನವರು ಟರ್ನಿಪ್ ಎಂಬ ಗೆಡ್ಡೆಯನ್ನು ಟೊಳ್ಳು ಮಾಡಿ, ಮುಖ ಕೊರೆದು, ಒಳಗೆ ದೀಪ ಇಡುತ್ತಿದ್ದರು. 1840ರ ದಶಕದಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಐರ್ಲೆಂಡಿನಲ್ಲಿ ಭೀಕರ ಬರ ಬಂದಾಗ ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಹೋದರು, ಹಬ್ಬವೂ ಜೊತೆಗೆ ಹೋಯಿತು. ಅಲ್ಲಿ ಗೆಡ್ಡೆಗಿಂತ ದೊಡ್ಡದಾಗಿ, ಕೊರೆಯಲು ಸುಲಭವಾಗಿ ಸಿಕ್ಕಿದ್ದು ಕುಂಬಳಕಾಯಿ. ಅಮೆರಿಕದಲ್ಲಿ ಕುಂಬಳ ಬೆಳೆಯುವುದರಲ್ಲಿ ಈಗ ಇಲಿನಾಯ್ ರಾಜ್ಯದ್ದೇ ಮೇಲುಗೈ.

ಕೀಟಲೆಯೂ ಕಡಿಮೆ ಇರಲಿಲ್ಲ. ಮಿನ್ನೆಸೋಟದ ಅನೋಕಾ ಎಂಬ ಊರಿನವರು ಹುಡುಗರ ಹಾವಳಿ ತಡೆಯಲಾರದೆ 1920ರಲ್ಲಿ ಹ್ಯಾಲೊವೀನ್ ಮೆರವಣಿಗೆಯನ್ನೇ ಶುರುಮಾಡಿದರು. ವೇಷ ಹಾಕಿ ಮನೆಮನೆಗೆ ಹೋಗಿ “ತಿಂಡಿ ಕೊಡ್ತೀರೋ, ಕೀಟಲೆ ಮಾಡ್ಲೋ” ಎಂದು ಕೇಳುವ ಆಟ ಆಮೇಲೆ ಹರಡಿದ್ದು. ಕಾಮನ ಹುಣ್ಣಿಮೆಗೆ ನಮ್ಮ ಹುಡುಗರು ಮನೆಮನೆಗೆ ಕಟ್ಟಿಗೆ, ಬೆರಣಿ ಕೇಳುತ್ತಾ ಹೋಗುವುದು, ಕೊಡದವರ ಹಿತ್ತಿಲಿಗೆ ರಾತ್ರಿ ನುಗ್ಗುವುದು ಬೇರೆ ಏನು?

ಇನ್ನು ಕುಂಬಳಕಾಯಿಗೆ ಮುಖ ಬರೆಯುವುದು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿ. ಹೊಸ ಮನೆ, ಹೊಸ ಅಂಗಡಿ ಮುಂದೆ ಕೋರೆಹಲ್ಲು, ಗುಡ್ಡೆಗಣ್ಣು, ಹುರಿಮೀಸೆ ಬರೆದ ದೃಷ್ಟಿ ಬೂದುಗುಂಬಳ ತೂಗಾಡುತ್ತಿರುತ್ತದೆ. ದೆವ್ವದ ವಿಷಯದಲ್ಲಂತೂ ನಾವೇನು ಹಿಂದೆ ಬಿದ್ದವರಲ್ಲ. 1990ರ ದಶಕದಲ್ಲಿ ಬೆಂಗಳೂರೂ ಸೇರಿ ಹಲವು ಊರುಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ಹಳಬರಿಗೆ ನೆನಪಿದೆ. 2018ರ ‘ಸ್ತ್ರೀ’ ಹಿಂದಿ ಚಿತ್ರ ಅದೇ ಎಳೆ ಹಿಡಿದು ದುಡ್ಡು ಬಾಚಿತು. ಗುಮ್ಮನನ್ನು ಕರೆಯದೆ ಊಟ ಮಾಡಿಸಿದ ತಾಯಂದಿರು ಎಷ್ಟು ಜನ ಸಿಕ್ಕಾರು? ಪುರಂದರದಾಸರ ಪದದಲ್ಲಿ ಸಾಕ್ಷಾತ್ ಬಾಲಕೃಷ್ಣನೇ ಗುಮ್ಮನ ಹೆಸರು ಕೇಳಿ ಅಮ್ಮನಿಗೆ ಶರಣಾಗುತ್ತಾನೆ. ಹೆದರಿಸಿ ಉಣ್ಣಿಸುವುದು ನಮ್ಮ ಪದ್ಧತಿ, ಹೆದರಿಸಿ ನಗಿಸುವುದು ಅವರದ್ದು. ಕೂಸಿನ ಪಾಡೇನು ಅಂತ ಕೇಳುವವರು ಎರಡೂ ಕಡೆ ಕಡಿಮೆ.

ಮೇನಾರ್ಡ್ ಎಂಬ ಬೆಕ್ಕಿನ ಕಥೆ

ಕೇಳಿದವರೂ ಇದ್ದಾರೆ. 1969ರಲ್ಲಿ ರೀಟಾ ಡಿವ್ರೀಸ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞೆ ಒಂದು ಪರೀಕ್ಷೆಯ ವಿವರ ಪ್ರಕಟಿಸಿದರು. ಆಕೆಯ ಹತ್ತಿರ ಮೇನಾರ್ಡ್ ಎಂಬ ಸಾಧು ಬೆಕ್ಕು ಇತ್ತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಮೊದಲು ಅದನ್ನು ಮುಟ್ಟಿಸಿ, ಸವರಿಸಿ, ಪರಿಚಯ ಮಾಡಿಸಿದರು. ಆಮೇಲೆ ಬೆಕ್ಕಿನ ಮುಂಭಾಗ ಮರೆಮಾಡಿ, ಹಿಂಭಾಗ ಮಕ್ಕಳಿಗೆ ಕಾಣುತ್ತಿರುವಾಗಲೇ ಅದರ ಮುಖಕ್ಕೆ ನಾಯಿಯ ಮುಖವಾಡ ತೊಡಿಸಿದರು. ಬೆಕ್ಕಿನ ಬಾಲ ಮಕ್ಕಳ ಕಣ್ಣೆದುರೇ ಇದೆ. ಬೆಕ್ಕು ಎಲ್ಲಿಗೂ ಹೋಗಿಲ್ಲ.

ಆದರೂ ಮೂರು ವರ್ಷದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ನಾಯಿಯೇ ಆಗಿಹೋಗಿತ್ತು! ಕೆಲವರು ಹತ್ತಿರ ಹೋಗಲೇ ಒಪ್ಪಲಿಲ್ಲ. ಆರು ವರ್ಷದವರು ಮಾತ್ರ “ಅದು ಬೆಕ್ಕೇ, ಮುಖವಾಡ ಹಾಕಿದ್ದೀರಿ ಅಷ್ಟೇ” ಅನ್ನುವ ಧೈರ್ಯದಲ್ಲಿದ್ದರು.

ಈಗ ಆ ಬೆಕ್ಕಿನ ಜಾಗದಲ್ಲಿ ಅಪ್ಪನನ್ನು ಇಟ್ಟು ನೋಡಿ. ಅಪ್ಪ ಬಾತ್‌ರೂಮಿಗೆ ಹೋಗಿ ರಕ್ತ ಸೋರುವ ಮುಖವಾಡ ಹಾಕಿ “ಹೋ” ಎಂದು ಹೊರಬಂದರೆ, ದೊಡ್ಡವರ ಕಣ್ಣಿಗೆ ಅದು ಅಪ್ಪ. ಕೂಸಿನ ಕಣ್ಣಿಗೆ ಅಪ್ಪ ಕಾಣೆಯಾಗಿ ಆ ಜಾಗಕ್ಕೆ ಇನ್ನೇನೋ ಬಂದಿದೆ. “ಎಷ್ಟು ಪುಕ್ಕಲ ನೋಡು” ಅಂತ ನಗುತ್ತ ವಿಡಿಯೋ ತೆಗೆಯುವ ನೆಂಟರಿಗೆ ಇದು ಗೊತ್ತಾಗುವುದಿಲ್ಲ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿ ಬರುವಾಗ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದ ಮಕ್ಕಳೇ ಬೆಳಗಿನ ಹೊತ್ತು ಚೌಕಿಯಲ್ಲಿ ಬಣ್ಣ ಒರೆಸಿಕೊಳ್ಳುವ ವೇಷಧಾರಿಯ ಹತ್ತಿರ ನಿಂತು ಕಣ್ಣರಳಿಸಿ ನೋಡುವುದುಂಟು. ಗುಟ್ಟೆಲ್ಲ ಆ ಬಣ್ಣ ಒರೆಸುವುದರಲ್ಲಿದೆ.

ಹಾಗಾಗಿ ಚಿಕ್ಕ ಮಕ್ಕಳ ಪಾರ್ಟಿಯ ಮೊದಲ ಯೋಜನೆ ಕೇಕಿನದ್ದಲ್ಲ, ವಯಸ್ಸಿನದ್ದು. ಬರುವ ಮಕ್ಕಳು ಐದರ ಒಳಗಿನವರಾದರೆ ರಕ್ತ, ಹೆಣ, ತಲೆಬುರುಡೆ, ಕಿರುಚುವ ಯಂತ್ರ ಎಲ್ಲ ಅಂಗಡಿಯಲ್ಲೇ ಇರಲಿ. ನಗುವ ಕುಂಬಳ, ಗುಂಡು ಕಣ್ಣಿನ ಗೂಬೆ, ಕಪ್ಪು ಬೆಕ್ಕು, ಬಾವಲಿ, ಬಿಳಿ ಬಟ್ಟೆಯ ತಮಾಷೆ ದೆವ್ವ ಸಾಕು. ದೊಡ್ಡವರು ಯಾರೂ ಪೂರ್ತಿ ಮುಖ ಮುಚ್ಚಬಾರದು. ಕರೆಯೋಲೆಯಲ್ಲೇ “ವೇಷ ಹಾಕಿದರೂ ಸರಿ, ಹಾಕದಿದ್ದರೂ ಸರಿ, ಹೆದರಿಸುವ ವೇಷ ಬೇಡ” ಅಂತ ಬರೆದುಬಿಟ್ಟರೆ ಅರ್ಧ ತಲೆನೋವು ಹೋಯಿತು. ಮುಖವಾಡ ಬಂದೇ ಬಂತೆನ್ನಿ, ಅದನ್ನು ಮೇಜಿನ ಮೇಲೆ ಇಟ್ಟು ಮಕ್ಕಳ ಕೈಗೆ ಕೊಡಿ. ಮುಟ್ಟಲಿ, ತಿರುಗಿಸಲಿ, ಅಪ್ಪನ ಮೂಗಿಗೆ ತಾವೇ ಸಿಕ್ಕಿಸಲಿ, ತಾವೇ ಕಿತ್ತು ತೆಗೆಯಲಿ. ಅತ್ತ ಮಗು ಹೋಗಿ ಕೂರಲು ಅಲಂಕಾರವಿಲ್ಲದ ಒಂದು ಕೋಣೆ ಬೇಕು. ಇದು ಯಾರಿಗೂ ನೆನಪಾಗುವುದಿಲ್ಲ.

ಹೊತ್ತು ಯಾವುದು? ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡೂವರೆ ಒಳ್ಳೆಯದು. ಕತ್ತಲಾದ ಮೇಲೆ ದೆವ್ವದ ಪಾರ್ಟಿ ಮಾಡುವ ಆಸೆ ದೊಡ್ಡವರದ್ದು. ಎರಡು ಗಂಟೆ ದಾಟಿದರೆ ದೆವ್ವವೂ ಬೇಡ ದೇವರೂ ಬೇಡ, ಕೂಸಿಗೆ ನಿದ್ದೆ ಬೇಕು. ಅಮೆರಿಕದಲ್ಲಿ ಅಕ್ಟೋಬರ್ 31ರ ಸಂಜೆಯೇ ಪಾರ್ಟಿ ಇಟ್ಟರೆ ಬರುವವರೂ ಇರುವುದಿಲ್ಲ, ಎಲ್ಲ ಚೀಲ ಹಿಡಿದು ಬೀದಿಯಲ್ಲಿರುತ್ತಾರೆ. ಹಿಂದಿನ ಶನಿವಾರವೋ ಭಾನುವಾರವೋ ಇಟ್ಟುಕೊಳ್ಳುವುದು ಜಾಣತನ.

ಸಬ್ಬಕ್ಕಿಯ ಕಪ್ಪೆಮೊಟ್ಟೆ

ಆಟಗಳ ವಿಷಯ. ಡಬ್ಬಕ್ಕೆ ತೂತು ಮಾಡಿ, ಒಳಗೆ ಕೈ ಹಾಕಿ ಏನಿದೆ ಅಂತ ಹೇಳುವುದು ಅಲ್ಲಿನ ಹಳೇ ಆಟ. ಸಿಪ್ಪೆ ಸುಲಿದ ದ್ರಾಕ್ಷಿ ಇಟ್ಟು “ದೆವ್ವದ ಕಣ್ಣು” ಅನ್ನುತ್ತಾರೆ. ಚಿಕ್ಕವರ ಕೈಗೆ ದ್ರಾಕ್ಷಿ ಸಿಕ್ಕರೆ ನೇರ ಬಾಯಿಗೆ, ಅಲ್ಲಿಂದ ಗಂಟಲಿಗೆ. ಅದರ ಬದಲು ಅಜ್ಜಿಯ ಅಡುಗೆಮನೆಯಲ್ಲಿ ಏನಿಲ್ಲ? ನೆನೆಸಿ ಬೇಯಿಸಿದ ಸಬ್ಬಕ್ಕಿ ಕಪ್ಪೆಮೊಟ್ಟೆ. ಎಣ್ಣೆ ಸವರಿದ ಶಾವಿಗೆ ಎರೆಹುಳು. ತೆಂಗಿನ ನಾರು ರಾಕ್ಷಸನ ಗಡ್ಡ. ಅಮೆರಿಕದ ಇಂಡಿಯನ್ ಸ್ಟೋರಿನಲ್ಲಿ ಸಬ್ಬಕ್ಕಿ, ಶಾವಿಗೆ ಎರಡೂ ಸಿಗುತ್ತವೆ. ಆಟ ಮುಗಿದ ತಕ್ಷಣ ಡಬ್ಬದ ಮುಚ್ಚಳ ತೆಗೆದು ಒಳಗಿರುವುದನ್ನು ತೋರಿಸಬೇಕು. ಚೌಕಿಯ ಬಣ್ಣ ಒರೆಸಿದ ಹಾಗೆ.

ಟಾಯ್ಲೆಟ್ ಪೇಪರ್ ಸುತ್ತಿ ‘ಮಮ್ಮಿ’ ಮಾಡುವ ಆಟ ಇದೆ. ಈಜಿಪ್ಟಿನ ಹೆಣದ ಮಮ್ಮಿ ಸ್ವಾಮಿ, ಅಮ್ಮ ಅಲ್ಲ! ಎದೆಯ ಮಟ್ಟಕ್ಕೆ ನಿಲ್ಲಿಸಿ, ಮುಖಕ್ಕೆ ಸುತ್ತಬಾರದು. ನೀರಿನ ಬೋಗುಣಿಯಲ್ಲಿ ತೇಲುವ ಸೇಬನ್ನು ಬಾಯಲ್ಲೇ ಕಚ್ಚಿ ಎತ್ತುವ ಇನ್ನೊಂದು ಆಟ ಐರ್ಲೆಂಡ್, ಇಂಗ್ಲೆಂಡಿನಿಂದ ಬಂದದ್ದು. ಎಲ್ಲರ ಜೊಲ್ಲೂ ಒಂದೇ ಬೋಗುಣಿಗೆ, ಮೇಲಾಗಿ ಪುಟ್ಟವರ ತಲೆ ನೀರಿನೊಳಗೆ. ಬೇಡವೇ ಬೇಡ. ಕುಂಬಳಕ್ಕೆ ಚಾಕು ಹಾಕುವ ಕೆಲಸವೂ ದೊಡ್ಡವರದ್ದು. ಮಕ್ಕಳ ಮುಂದೆ ಒಂದೊಂದು ಪುಟ್ಟ ಕುಂಬಳ ಇಟ್ಟು ಬಣ್ಣ, ಸ್ಟಿಕ್ಕರ್ ಕೊಟ್ಟರೆ ಅರ್ಧ ಗಂಟೆ ಸದ್ದಿಲ್ಲ.

ತಿಂಡಿಗೆ ಇಡ್ಲಿಗಿಂತ ಒಳ್ಳೆಯ ದೆವ್ವ ಸಿಗುವುದಿಲ್ಲ. ಬೆಳ್ಳಗಿದೆ, ಗುಂಡಗಿದೆ, ಮೆತ್ತಗಿದೆ. ಮೇಲೆ ಬೇಯಿಸಿದ ಕ್ಯಾರೆಟ್ಟಿನ ಬಾಯಿ, ಕೊತ್ತಂಬರಿಯ ಹುಬ್ಬು. ನಾಲ್ಕು ವರ್ಷದ ಒಳಗಿನವರಿಗೆ ಇಡೀ ದ್ರಾಕ್ಷಿ, ಕಡಲೆಬೀಜ, ಪಾಪ್‌ಕಾರ್ನ್, ಗಟ್ಟಿ ಪೆಪ್ಪರ್‌ಮೆಂಟು ಕೊಡಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತಲೇ ಬಂದಿದೆ. ಗಂಟಲಿಗೆ ಸಿಕ್ಕಿಬೀಳುತ್ತದೆ. ಸಸ್ಯಾಹಾರಿ ಮನೆಯವರಿಗೆ ಇನ್ನೊಂದು ಮಾತು. ದೆವ್ವದ ಆಕಾರದ ಮಾರ್ಷ್‌ಮೆಲ್ಲೊ, ಹುಳುವಿನ ಆಕಾರದ ಜೆಲ್ಲಿ ಮಿಠಾಯಿ ಸಾಮಾನ್ಯವಾಗಿ ಜೆಲಾಟಿನ್ ಹಾಕಿ ಮಾಡಿದ್ದು, ಅದು ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದ್ದು. ಪ್ಯಾಕೆಟ್ಟಿನ ಹಿಂದೆ ಬರೆದಿರುತ್ತದೆ, ಓದಿಕೊಳ್ಳಿ. ಕಡಲೆಬೀಜ, ಹಾಲು ಆಗದ ಮಕ್ಕಳೂ ಬರುತ್ತಾರೆ. ಅವರಿಗಾಗಿಯೇ ಅಮೆರಿಕದಲ್ಲಿ 2014ರಿಂದ ನೀಲಿ-ಹಸಿರು ಬಣ್ಣ ಬಳಿದ ಕುಂಬಳವನ್ನು ಮನೆಯ ಮುಂದೆ ಇಡುವ ರೂಢಿ ದೇಶದ ತುಂಬ ಹಬ್ಬಿದೆ. ಈ ಮನೆಯಲ್ಲಿ ತಿಂಡಿಯ ಬದಲು ಆಟದ ಸಾಮಾನು ಕೊಡುತ್ತಾರೆ ಅಂತ ಅದರ ಅರ್ಥ. ರಿಟರ್ನ್ ಗಿಫ್ಟಿಗೂ ಅದೇ ಲೇಸು: ಒಂದು ಕ್ರೇಯಾನ್ ಡಬ್ಬ, ಒಂದು ಬಣ್ಣ ತುಂಬುವ ಪುಸ್ತಕ.

ಹೊಗೆ, ಬೆಂಕಿ, ಬೀದಿ

ಹೊಗೆ ಬರಿಸುವ ಹುಚ್ಚು ಎಲ್ಲಕ್ಕಿಂತ ಅಪಾಯದ್ದು. ಅಮೆರಿಕದ ಸೂಪರ್‌ಮಾರ್ಕೆಟ್ಟುಗಳಲ್ಲಿ ಡ್ರೈ ಐಸ್ ಕೊಳ್ಳಲು ಸಿಗುತ್ತದೆ. ಶರಬತ್ತಿನ ಪಾತ್ರೆಯಿಂದ ಮಾಟಗಾತಿಯ ಕಷಾಯದ ಹಾಗೆ ಬಿಳಿ ಹೊಗೆ ಏಳಿಸಲು ಅದನ್ನು ಬಳಸುತ್ತಾರೆ. ಅದು ಮಂಜುಗಡ್ಡೆಯಲ್ಲ, ಗಟ್ಟಿಯಾದ ಇಂಗಾಲದ ಡೈ ಆಕ್ಸೈಡ್. ಸೊನ್ನೆಗಿಂತ 78 ಡಿಗ್ರಿ ಕೆಳಗಿನ ತಣ್ಣಗು. ಮುಟ್ಟಿದರೆ ಬೊಬ್ಬೆ, ನುಂಗಿದರೆ ಒಳಗೆಲ್ಲ ಸುಡುತ್ತದೆ. ಮುಚ್ಚಿದ ಕೋಣೆಯಲ್ಲಿ ಉಸಿರೂ ಕಟ್ಟುತ್ತದೆ. 2024ರ ಮಾರ್ಚಿನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟದ ನಂತರ ಬಾಯಿಗೆ ಹಾಕಿಕೊಳ್ಳಲು ಕೊಟ್ಟದ್ದು ಡ್ರೈ ಐಸ್ ಆಗಿಬಿಟ್ಟು ಐದು ಜನ ರಕ್ತ ಕಾರಿಕೊಂಡರು. ಅದೇ ವರ್ಷ ದಾವಣಗೆರೆಯ ವಸ್ತುಪ್ರದರ್ಶನದಲ್ಲಿ ಹೊಗೆ ಬಿಸ್ಕತ್ತು ತಿಂದ ಬಾಲಕ ಒದ್ದಾಡಿದ ವಿಡಿಯೋ ನೋಡದವರಿಲ್ಲ. ಅದರಲ್ಲಿದ್ದದ್ದು ಇದಕ್ಕಿಂತಲೂ ತಣ್ಣಗಿನ ದ್ರವ ಸಾರಜನಕ. 2024ರಲ್ಲೇ ಕರ್ನಾಟಕ ಸರ್ಕಾರ ತಿಂಡಿ-ಪಾನೀಯದಲ್ಲಿ ದ್ರವ ಸಾರಜನಕದ ಹೊಗೆ ಬರಿಸುವುದನ್ನು ನಿಷೇಧಿಸಿತು. ಇಡ್ಲಿಯ ಹಬೆ ಏನು ಕಮ್ಮಿಯೇ? ಮುಚ್ಚಳ ತೆಗೆದು ದೂರದಿಂದ ತೋರಿಸಿದರೆ ಸಾಕು.

ಕುಂಬಳದೊಳಗೆ ಮೇಣದ ಬತ್ತಿ, ಅದರ ಸುತ್ತ ತೂಗಾಡುವ ಸಿಂಥೆಟಿಕ್ ಬಟ್ಟೆ ತೊಟ್ಟ ಮಕ್ಕಳು, ಇದಕ್ಕೆ ಹೆಚ್ಚು ವಿವರ ಬೇಕಿಲ್ಲ. 2014ರ ಹ್ಯಾಲೊವೀನ್ ರಾತ್ರಿ ಇಂಗ್ಲೆಂಡಿನ ಟಿವಿ ನಿರೂಪಕಿಯೊಬ್ಬರ ಎಂಟು ವರ್ಷದ ಮಗಳ ವೇಷದ ಬಟ್ಟೆಗೆ ಮೇಣದ ಬತ್ತಿಯ ಬೆಂಕಿ ತಗುಲಿ ಆಕೆ ಆಸ್ಪತ್ರೆ ಸೇರಿದಳು. ವೇಷದ ಬಟ್ಟೆಯನ್ನು ಅಲ್ಲಿ ಉಡುಪು ಅಂತ ಅಲ್ಲ, ಆಟದ ಸಾಮಾನು ಅಂತ ಪರೀಕ್ಷೆ ಮಾಡುತ್ತಿದ್ದರು ಎಂಬುದು ಆಮೇಲೆ ಎಲ್ಲರಿಗೂ ಗೊತ್ತಾಯಿತು. ಬ್ಯಾಟರಿಯ ಪುಟ್ಟ ದೀಪ ಇಟ್ಟರೆ ಕುಂಬಳವೇನೂ ಮುನಿಸಿಕೊಳ್ಳುವುದಿಲ್ಲ. ಮುಖವಾಡದ ಬದಲು ಮುಖಕ್ಕೆ ಬಣ್ಣ ಹಚ್ಚಿದರೆ ಕಣ್ಣೂ ಕಾಣುತ್ತದೆ, ಉಸಿರೂ ಆಡುತ್ತದೆ. ಹಿಂದಿನ ದಿನ ತೋಳಿನ ಮೇಲೆ ಚೂರು ಹಚ್ಚಿ ನೋಡಿ, ತುರಿಕೆ ಬರದಿದ್ದರೆ ಸೈ.

ಅಪರಿಚಿತರು ಮಿಠಾಯಿಗೆ ವಿಷ ಹಾಕುತ್ತಾರೆ ಎಂಬ ಭಯ ಅಮೆರಿಕದಲ್ಲಿ ದೊಡ್ಡದು. 1974ರಲ್ಲಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತದ್ದು ನಿಜ. ಹಾಕಿದವನು ಯಾರು ಗೊತ್ತೇ? ವಿಮೆಯ ಹಣದ ಆಸೆಗೆ ಬಿದ್ದ ಅವನ ಹೆತ್ತ ಅಪ್ಪ! 1984ರಲ್ಲಿ ಆತನಿಗೆ ಮರಣದಂಡನೆ ಆಯಿತು. ಜೋಯೆಲ್ ಬೆಸ್ಟ್ ಎಂಬ ಸಮಾಜಶಾಸ್ತ್ರಜ್ಞ 1958ರಿಂದೀಚಿನ ವರದಿಗಳನ್ನೆಲ್ಲ ಜಾಲಾಡಿದರೂ, ಮನೆಮನೆಗೆ ಹೋದಾಗ ಅಪರಿಚಿತರು ಕೊಟ್ಟ ಮಿಠಾಯಿಯಿಂದ ಮಗು ಸತ್ತ ಒಂದು ಖಚಿತ ಪ್ರಕರಣವೂ ಸಿಗಲಿಲ್ಲ. ನಿಜವಾದ ಯಮ ಕಾರು. 1975ರಿಂದ 2016ರ ವರೆಗಿನ 42 ವರ್ಷಗಳ ಲೆಕ್ಕ ತೆಗೆದ ವೈದ್ಯರು, ಹ್ಯಾಲೊವೀನ್ ಸಂಜೆ ವಾಹನಕ್ಕೆ ಸಿಕ್ಕಿ ಸಾಯುವ ಪಾದಚಾರಿಗಳ ಪ್ರಮಾಣ ಬೇರೆ ಸಂಜೆಗಳಿಗಿಂತ ಶೇಕಡ 43 ಹೆಚ್ಚು ಎಂದು ಕಂಡುಕೊಂಡರು. ನಾಲ್ಕರಿಂದ ಎಂಟು ವರ್ಷದ ಮಕ್ಕಳಲ್ಲಿ ಅದು ಹತ್ತು ಪಟ್ಟು. ಕಪ್ಪು ಬಟ್ಟೆ, ಕತ್ತಲು, ಕಣ್ಣು ಮುಚ್ಚುವ ಮುಖವಾಡ, ರಸ್ತೆ ದಾಟುವ ಆತುರ. ಇಲ್ಲಿ ಆಯುಧಪೂಜೆಯ ದಿನ ರಸ್ತೆಯಲ್ಲಿ ಒಡೆದು ಬಿಟ್ಟ ಕುಂಬಳದ ಮೇಲೆ ಜಾರಿ ಬೀಳುವ ಸ್ಕೂಟರಿನವರಿಗೆ ಹಬ್ಬದ ಬೀದಿ ಎಂಥದ್ದು ಅಂತ ಹೇಳಿಕೊಡಬೇಕಾಗಿಲ್ಲ.

ಇನ್ನು ಅಜ್ಜಿಯ ‘ಅನಿಷ್ಟ’ಕ್ಕೆ ಬರೋಣ. ಹುಟ್ಟಿದ ದಿನ ಕಪ್ಪು ಬಟ್ಟೆ ಬೇಡ, ದೀಪ ಆರಿಸಬಾರದು ಎಂಬುದು ಹಿರಿಯರ ಮಾತು. ಹ್ಯಾಲೊವೀನ್ ಪಾರ್ಟಿಯಲ್ಲಿ ಎರಡೂ ನಡೆಯುತ್ತದೆ. ಹಾಗಂತ ಫೋನಿನಲ್ಲಿ ಜಗಳ ಯಾಕೆ? ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದು, ಹೊಸ ಬಟ್ಟೆ ತೊಡಿಸಿ, ಆರತಿ ಎತ್ತಿ, ಆಮೇಲೆ ವೇಷ ಹಾಕಿಸುವ ಮನೆಗಳಿವೆ. ಕಪ್ಪನ್ನು ಪೂರ್ತಿ ದೂರ ಇಟ್ಟವರೂ ಅಲ್ಲ ನಾವು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು ಇಡುವುದು ಯಾವ ಬಣ್ಣದ್ದು? 2024ರಲ್ಲಂತೂ ನರಕ ಚತುರ್ದಶಿ ಸರಿಯಾಗಿ ಅಕ್ಟೋಬರ್ 31ಕ್ಕೇ ಬಿತ್ತು. ಬೆಳಿಗ್ಗೆ ನರಕಾಸುರನ ಹೆಸರಿನಲ್ಲಿ ಎಣ್ಣೆಸ್ನಾನ, ಸಂಜೆ ದೆವ್ವದ ವೇಷ, ಮರುದಿನ ರಾಜ್ಯೋತ್ಸವ. ಅಲ್ಲಿನ ಕನ್ನಡದ ಮಕ್ಕಳಿಗೆ ಪುರುಸೊತ್ತೇ ಇಲ್ಲ!

ವ್ಯಾಪಾರದ ಲೆಕ್ಕ ಅಂಗಡಿಯವರಿಗೆ ಬೇಕಾದೀತು. 2023ರ ಹ್ಯಾಲೊವೀನಿಗೆ ಅಮೆರಿಕನ್ನರು 1,220 ಕೋಟಿ ಡಾಲರ್ ಖರ್ಚು ಮಾಡುತ್ತಾರೆ ಎಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು. ಅದರಲ್ಲಿ ದೊಡ್ಡ ಪಾಲು ಒಂದು ದಿನ ತೊಟ್ಟು ಮೂಲೆಗೆ ಎಸೆಯುವ ಬಟ್ಟೆ, ಪ್ಲಾಸ್ಟಿಕ್ ಜೇಡಕ್ಕೆ ಹೋಗುತ್ತದೆ. ಹಳೇ ಬಿಳಿ ಹಾಸು, ಕಪ್ಪು ಕಾಗದ, ಅಂಟು, ಒಂದು ಬುಟ್ಟಿ ಕುಂಬಳ ಇದ್ದರೆ ಮನೆಯಲ್ಲೇ ಮುಕ್ಕಾಲು ಪಾರ್ಟಿ ಆಗುತ್ತದೆ.

ಕೊನೆಗೆ ಉಳಿಯುವುದು ಕುಂಬಳ. ಮುಖ ಕೊರೆದದ್ದು ಕೆಲವೇ ದಿನಕ್ಕೆ ಬೂಷ್ಟು ಹಿಡಿದು ಕುಸಿಯುತ್ತದೆ. ಪಲ್ಯ ಮಾಡೋಣ ಅಂತ ಆಸೆಪಟ್ಟ ಅಜ್ಜಿಯರಿಗೆ ನಿರಾಸೆ, ಕೊರೆಯಲೆಂದೇ ಬೆಳೆಸಿದ ದೊಡ್ಡ ಕಾಯಿ ನಾರು ನಾರು, ನೀರು ನೀರು. ಅಡುಗೆಗೆ ಬೇಕಾದದ್ದು ಕಡುಬು-ಹಲ್ವಕ್ಕೆ ಆಗುವ ಪುಟ್ಟ ಸಿಹಿ ಜಾತಿಯದ್ದು, ಅದೂ ಅದೇ ಅಂಗಡಿಯಲ್ಲಿ ಇರುತ್ತದೆ. ಆದರೆ ಬೀಜ ಯಾವುದರದ್ದಾದರೂ ಸರಿ. ತೊಳೆದು, ಒಣಗಿಸಿ, ಉಪ್ಪು ಖಾರ ಹಾಕಿ ಹುರಿದರೆ ದೊಡ್ಡವರ ಸಂಜೆಯ ಕಾಫಿಗೆ ಆಯಿತು.